ಮೂರಡಿ ತೊಟ್ಟಿಯ ನೀಲಿ ಟ್ಯಾಂಗ್: ಒಂದು ಪ್ರಕರಣ

ಆ ಮನೆಗೆ ಹೋದ ಮೊದಲ ದಿನ ನಾನು ಮಾಡಿದ್ದು ಇಷ್ಟೇ: ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಮೀನಿನ ತಿರುವುಗಳನ್ನು ಎಣಿಸಿದೆ. ಎಡಗಡೆಯ ಬಂಡೆಯಿಂದ ಬಲಗಡೆಯ ಗಾಜಿನವರೆಗೆ, ಅಲ್ಲಿ ಮೈ ಓರೆ ಮಾಡಿ ಮತ್ತೆ ಹಿಂದಕ್ಕೆ. ಮೊದಲ ನಿಮಿಷದಲ್ಲಿ 19 ತಿರುವು, ಎರಡನೆಯದರಲ್ಲಿ 21, ಮೂರನೆಯದರಲ್ಲಿ 20. ಹತ್ತು ನಿಮಿಷ ಕುಳಿತೆ. ಅಷ್ಟು ಹೊತ್ತಿನಲ್ಲಿ ಅದು ಒಮ್ಮೆಯೂ ನಿಲ್ಲಲಿಲ್ಲ, ಬಂಡೆಯ ಮೇಲಿನ ಪಾಚಿಗೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಕಾಫಿ ತಂದಿಟ್ಟ ಮನೆಯಾಕೆ, "ತುಂಬಾ ಚುರುಕು ಮೀನು, ಸುಮ್ಮನಿರುವುದೇ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಆಪರೇಷನ್ ಥಿಯೇಟರಿನ ಹೊರಗೆ ಶತಪಥ ತಿರುಗುವವರನ್ನು ಯಾರೂ ಚುರುಕು ಎನ್ನುವುದಿಲ್ಲ. ಆದರೆ ಅವತ್ತೇ ಅದನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ.

ಇದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ನಡೆದದ್ದು. ತಂದೆ, ತಾಯಿ, ಎಂಟು ವರ್ಷದ ಮಗಳು; ಇವರನ್ನು ಹೀಗೆಯೇ ಕರೆಯುತ್ತೇನೆ. ಹೆಸರು, ಬಡಾವಣೆ, ಅಂಗಡಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ, ಅಳತೆಗಳನ್ನು ಮಾತ್ರ ಮುಟ್ಟಿಲ್ಲ. ಇನ್ನೊಂದು ಮಾತು: ಟ್ಯಾಂಗ್ ಎಂದರೆ ಒಂದು ಬಗೆಯ ಕಡಲ ಮೀನು; ಕನ್ನಡದಲ್ಲಿ ಟ್ಯಾಂಕ್, ಟ್ಯಾಂಗ್ ಎರಡೂ ಒಂದೇ ಸಾಲಿನಲ್ಲಿ ಬಂದರೆ ಕಣ್ಣು ಎಡವುತ್ತದೆ. ಹಾಗಾಗಿ ಮೀನಿನ ಟ್ಯಾಂಕನ್ನು ಇಲ್ಲಿ ತೊಟ್ಟಿ ಎಂದೇ ಬರೆಯುತ್ತೇನೆ.

ಹಿನ್ನೆಲೆ

ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಹೊರ ಅಳತೆಯಲ್ಲಿ ಸುಮಾರು 190 ಲೀಟರ್. ಬಂಡೆ, ಮರಳು, ಮೇಲೆ ಬಿಟ್ಟ ಎರಡು ಅಂಗುಲ ಕಳೆದರೆ ಒಳಗಿದ್ದ ನೀರು 150 ಲೀಟರ್ ಆಗಬಹುದು. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಗೋಬಿ ಎಂಬ ಒಂದು ಸಣ್ಣ ಮೀನು, ಒಂದು ಸೀಗಡಿ ಎಂಟು ತಿಂಗಳು ನೆಮ್ಮದಿಯಾಗಿದ್ದವು. ತಂದೆ ಲೆಕ್ಕದ ಮನುಷ್ಯ. ಪ್ರತಿ ಭಾನುವಾರ ಆರ್‌ಒ ನೀರಿಗೆ ಉಪ್ಪು ಬೆರೆಸಿ, ಲವಣಾಂಶ ಅಳೆದು, ನೀರು ಬದಲಿಸಿ, ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರುವ ನೈಟ್ರೇಟ್ ಎಷ್ಟೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆ ಪುಟಗಳನ್ನು ತಿರುವಿ ನೋಡಿದ್ದೇನೆ. ಕಡಲ ಮೀನು ಸಾಕಲು ಹೊರಟವರಲ್ಲಿ ಇಷ್ಟು ಶಿಸ್ತು ಅಪರೂಪ.

ಎಂಟನೆಯ ತಿಂಗಳಲ್ಲಿ ಮಗಳ ಹುಟ್ಟುಹಬ್ಬ ಬಂತು. ಅವಳಿಗೆ ಬೇಕಿದ್ದದ್ದು ಸಿನಿಮಾದಲ್ಲಿ ಕಂಡ ನೀಲಿ ಮೀನು. ಅಂಗಡಿಯಲ್ಲಿ ಐದು ಸೆಂಟಿಮೀಟರಿನ ಮರಿಯೊಂದಿತ್ತು: ಗಾಢ ನೀಲಿ ಮೈ, ಕಪ್ಪು ಪಟ್ಟೆ, ಹಳದಿ ಬಾಲ. ಪ್ಯಾರಾಕ್ಯಾಂಥುರಸ್ ಹೆಪಟಸ್, ರೂಢಿಯಲ್ಲಿ ನೀಲಿ ಟ್ಯಾಂಗ್ ಅಥವಾ ರೀಗಲ್ ಟ್ಯಾಂಗ್. "ಎರಡು ವರ್ಷ ಏನೂ ತೊಂದರೆ ಇಲ್ಲ ಸಾರ್, ಆಮೇಲೆ ದೊಡ್ಡದಕ್ಕೆ ಹೋದರಾಯಿತು" ಎಂದು ಅಂಗಡಿಯವರು ಹೇಳಿದರಂತೆ. ಇದನ್ನು ಪೂರ್ತಿ ಸುಳ್ಳೆನ್ನಲಾಗದು. ಐದು ಸೆಂಟಿಮೀಟರಿನ ಮರಿಗೆ ಮೂರಡಿ ಮೈದಾನದಂತೆಯೇ ಇತ್ತು. ಈ ಹವ್ಯಾಸದಲ್ಲಿ ಅತಿ ಹೆಚ್ಚು ಮೀನುಗಳನ್ನು ಕೊಂದಿರುವುದು "ಆಮೇಲೆ" ಎಂಬ ಶಬ್ದ ಎಂದು ಮಾತ್ರ ಹೇಳಬಲ್ಲೆ.

ಟ್ಯಾಂಗ್‌ಗಳು ಸರ್ಜನ್ ಮೀನುಗಳ ಕುಟುಂಬದವು. ಬಾಲದ ಬುಡದಲ್ಲಿ ಎರಡೂ ಬದಿಗೆ ಶಸ್ತ್ರವೈದ್ಯರ ಕತ್ತಿಯಂಥ ಮುಳ್ಳಿರುವುದರಿಂದ ಆ ಹೆಸರು. ನೀಲಿ ಟ್ಯಾಂಗ್ ಮರಿಯಾಗಿದ್ದಾಗ ಕವಲೊಡೆದ ಹವಳದ ಸಂದುಗಳಲ್ಲಿ ಗುಂಪಾಗಿ ಅವಿತಿರುತ್ತದೆ. ಬೆಳೆದ ಮೇಲೆ ಅದರ ಬದುಕೇ ಬೇರೆ: ಹವಳದ ದಿಬ್ಬಗಳ ಹೊರ ಅಂಚಿನಲ್ಲಿ, ಸೆಳವಿರುವ ಕಡೆ, ತಳಕ್ಕಿಂತ ಒಂದೆರಡು ಮೀಟರ್ ಮೇಲೆ ಈಜಾಡುತ್ತ ತೇಲಿ ಬರುವ ಸಣ್ಣ ಜೀವಿಗಳನ್ನು ಹೆಕ್ಕುತ್ತದೆ, ಜೊತೆಗೆ ಪಾಚಿಯನ್ನೂ ಮೇಯುತ್ತದೆ. ಪೂರ್ತಿ ಬೆಳೆದರೆ 30 ಸೆಂಟಿಮೀಟರ್ ದಾಟುತ್ತದೆ. ಎರಡಂಗುಲದ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನೋಡುವವರಿಗೆ ಈ ಎರಡನೆಯ ಬದುಕು ಕಾಣುವುದಿಲ್ಲ. ಆಯುಸ್ಸಿನ ಮಾತೂ ಹಾಗೆಯೇ. ಮೀನಿನ ಕಿವಿಯೊಳಗಿರುವ ಪುಟ್ಟ ಕಲ್ಲಿನ ಉಂಗುರಗಳನ್ನು ಮರದ ಉಂಗುರಗಳಂತೆ ಎಣಿಸಿ ವಯಸ್ಸು ತಿಳಿದಾಗ ಈ ಕುಟುಂಬದ ಹಲವು ಜಾತಿಗಳು 30 ವರ್ಷಕ್ಕೂ ಹೆಚ್ಚು ಬದುಕುವುದು ಗೊತ್ತಾಗಿದೆ. ಹುಟ್ಟುಹಬ್ಬಕ್ಕೆ ತಂದ ಮೀನು ಹುಡುಗಿಯ ಮದುವೆಯ ಹೊತ್ತಿಗೂ ಇರಬೇಕಾದದ್ದು.

ತೊಂದರೆ

ನನ್ನನ್ನು ಕರೆಸಿದ್ದು ಮೀನು ಬಂದ ಹದಿನಾಲ್ಕು ತಿಂಗಳ ಮೇಲೆ. ಆಗ ಅದು 12 ಸೆಂಟಿಮೀಟರ್ ಆಗಿತ್ತು. (ಹೊರಗೆ ತೆಗೆಯದೆ ಅಳೆಯುವುದು ಸುಲಭ: ಗಾಜಿನ ಮೇಲೆ ಸೆಂಟಿಮೀಟರ್ ಗುರುತಿನ ಪಟ್ಟಿ ಅಂಟಿಸಿ, ಮೀನು ಗಾಜಿಗೆ ಒರಗಿದಂತೆ ಬಂದಾಗ ಫೋಟೊ ತೆಗೆಯಬೇಕು. ದೂರವಿದ್ದಾಗ ತೆಗೆದರೆ ನೀರು ಕಣ್ಣಿಗೆ ಮೋಸ ಮಾಡುತ್ತದೆ.) ತಂದೆ ಹೇಳಿದ ದೂರುಗಳು ಮೂರು. ಬಾಗಿಲು ತೆರೆದರೆ ಸಾಕು, ಮೀನು ಬಂಡೆಯ ಸಂದಿಗೆ ನುಗ್ಗಿ ಸತ್ತಂತೆ ಒರಗಿಬಿಡುತ್ತದೆ. ಮುಖದ ಮೇಲೆ ಸೂಜಿ ಚುಚ್ಚಿದಂತೆ ಸಣ್ಣ ಕುಳಿಗಳೆದ್ದಿವೆ. ಕ್ಲೌನ್ ಮೀನುಗಳನ್ನು ಊಟದ ಹೊತ್ತಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಿದೆ.

ಮೊದಲನೆಯದು ಈ ಜಾತಿಯ ಹುಟ್ಟುಗುಣ, ಎಷ್ಟೇ ದೊಡ್ಡ ತೊಟ್ಟಿಯಲ್ಲೂ ಅಷ್ಟಿಷ್ಟು ಇರುತ್ತದೆ. ಎರಡನೆಯದಕ್ಕೆ ಇಕ್ಕಟ್ಟೊಂದೇ ಕಾರಣ ಎನ್ನುವಂತಿಲ್ಲ. ಸೊಪ್ಪಿನ ಆಹಾರದ ಕೊರತೆ, ಸೋಸಲು ಬಳಸುವ ಇದ್ದಿಲಿನ ನುಣ್ಣನೆಯ ಪುಡಿ ಎಲ್ಲವೂ ಅನುಮಾನದ ಪಟ್ಟಿಯಲ್ಲಿವೆ. ಆದರೆ ಮೂರನ್ನೂ ಆ ಶತಪಥದ ಜೊತೆ ಇಟ್ಟು ನೋಡಿದಾಗ ನನಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ತಂದೆಗೆ ಅನುಮಾನವಿತ್ತು. ಅವರ ನೋಟ್‌ಬುಕ್ಕಿನಲ್ಲಿ ಎಲ್ಲ ಅಂಕಿಗಳೂ ಸರಿಯಾಗಿಯೇ ಇದ್ದವಲ್ಲ.

"ಮೀನು ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ ಎಂದು ಕೇಳಿದ್ದೆ" ಎಂದರು ತಾಯಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿ ಮನುಷ್ಯರಿಗೆ ಇರಬಹುದು, ಮೀನಿಗಿಲ್ಲ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾದರೆ ಅದು ಹೊಂದಾಣಿಕೆ ಅಲ್ಲ, ಕಾಯಿಲೆ.

ಲೀಟರ್ ಏರಿಸಿದ್ದು

ನಾನು ಹೋಗುವ ಮೊದಲೇ ಅವರು ಬೆಳ್ಳುಳ್ಳಿ ರಸ ಸೇರಿಸಿದ ಆಹಾರ, ದಿನಕ್ಕೆರಡು ಸಲ ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆ ಎಲ್ಲವನ್ನೂ ಮಾಡಿ ನೋಡಿದ್ದರು. ನೋರಿಯಿಂದ ಒಳ್ಳೆಯದಾಯಿತು, ಬೆಳ್ಳುಳ್ಳಿಯಿಂದ ಆದದ್ದು ಅಡುಗೆಮನೆಯ ವಾಸನೆ ಅಷ್ಟೇ.

ಮುಂದಿನ ಹೆಜ್ಜೆ ತಂದೆಯದೇ ಆಲೋಚನೆ: ಸಂಪ್. ಬೆಂಗಳೂರಿನವರಿಗೆ ಸಂಪ್ ಎಂದರೆ ಮನೆಯಂಗಳದ ನೆಲದಡಿಯಲ್ಲಿರುವ ಕಾವೇರಿ ನೀರಿನ ತೊಟ್ಟಿ. ಮೀನು ಸಾಕುವವರಿಗೆ ಅದು ಪೀಠದ ಒಳಗೆ ಅಡಗಿಸಿಟ್ಟ ಎರಡನೆಯ ತೊಟ್ಟಿ. ಮೇಲಿನ ನೀರು ಅಲ್ಲಿಗಿಳಿದು, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನಲ್ಲಿ ಶುದ್ಧವಾಗಿ, ಮತ್ತೆ ಮೇಲೇರುತ್ತದೆ. ಅವರು 110 ಲೀಟರಿನ ಸಂಪ್ ಹಾಕಿಸಿದರು. ಒಟ್ಟು ಹೊರ ಅಳತೆ 300 ಲೀಟರಿಗೆ ಬಂತು. ಎಲ್ಲೋ ಓದಿದ ಯಾವುದೋ ಅಂಕಿಗೆ ಅದು ತಾಳೆಯಾಯಿತು, ಅವರಿಗೆ ಸಮಾಧಾನವೂ ಆಯಿತು.

ನೀರಿನ ಮಟ್ಟಿಗೆ ಆ ಸಮಾಧಾನ ನ್ಯಾಯವಾದದ್ದೇ. ನೈಟ್ರೇಟ್ ಇಳಿಯಿತು. ಬೇಸಿಗೆಯ ಒಂದು ಮಧ್ಯಾಹ್ನ ನಾಲ್ಕು ಗಂಟೆ ಕರೆಂಟ್ ಹೋದಾಗ ಹಿಂದಿನಂತೆ ಟ್ಯಾಂಗ್ ಮೇಲೆ ಬಂದು ಏದುಸಿರು ಬಿಡಲಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಸದಾ ಈಜುವ ಮೀನಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ಬ್ಯಾಟರಿಯ ಗಾಳಿ ಪಂಪ್ ಇಟ್ಟದ್ದೂ ನೆರವಾಯಿತು.

ನಾನು ಮತ್ತೆ ಹೋಗಿ ತೊಡೆಯ ಮೇಲೆ ಗಡಿಯಾರ ಇಟ್ಟುಕೊಂಡೆ. ನಿಮಿಷಕ್ಕೆ 20.

ಆಗ ಮಗಳ ಪೆಟ್ಟಿಗೆಯಿಂದ ಟೈಲರ್ ಟೇಪ್ ತರಿಸಿ ತಂದೆಯ ಕೈಗೆ ಕೊಟ್ಟೆ. "ತೊಟ್ಟಿಯ ಉದ್ದ ಬೇಡ. ಮೀನು ಯಾವುದಕ್ಕೂ ತಗುಲದೆ ನೇರವಾಗಿ ಎಷ್ಟು ದೂರ ಹೋಗಬಹುದು, ಅದನ್ನು ಅಳೆಯಿರಿ." ಎಡಗಡೆ ಗಾಜಿಗೆ ಒರಗಿಸಿದ ಬಂಡೆಗಳ ರಾಶಿ, ಬಲ ಮೂಲೆಯಲ್ಲಿ ಅಲೆಯೆಬ್ಬಿಸುವ ಪಂಪ್. ನಡುವೆ ಉಳಿದದ್ದು 55 ಸೆಂಟಿಮೀಟರ್. ಮೀನಿನ ಐದು ಮೈಯುದ್ದವೂ ಇಲ್ಲ. ವೇಗ ಹಿಡಿಯುವ ಮೊದಲೇ ತಿರುವು ಬರುತ್ತಿತ್ತು. ತಂದೆ ಟೇಪನ್ನು ಮತ್ತೆ ಮತ್ತೆ ಇಟ್ಟು ನೋಡಿದರು. ಇನ್ನೊಂದು ಸಾವಿರ ಲೀಟರಿನ ಸಂಪ್ ಇಟ್ಟರೂ ಈ 55 ಒಂದು ಸೆಂಟಿಮೀಟರ್ ಏರುವುದಿಲ್ಲ ಎಂಬುದು ಅವರಿಗೆ ಹೊಳೆದದ್ದು ಆಗ. ಈ ಪ್ರಕರಣದಲ್ಲಿ ನಾನು ಕೊಟ್ಟ ಉಪಯುಕ್ತ ಸಲಹೆ ಎಂದರೆ ಆ ಟೇಪ್ ಒಂದೇ. ಮುಂದೆ ಕೊಟ್ಟ ಸಲಹೆಯಲ್ಲಿ ನಾನೇ ಎಡವಿದೆ.

ಮೀನಿಲ್ಲದ 76 ದಿನ

ಏನಾದರೂ ನಿರ್ಧರಿಸುವ ಮೊದಲೇ ಬಿಳಿಚುಕ್ಕೆ ರೋಗ ಬಂತು. ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯದು ಅದು. ನೀಲಿ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಕಾಣುತ್ತದೆ. ಇಕ್ಕಟ್ಟು ಪರೋಪಜೀವಿಯನ್ನು ಹುಟ್ಟಿಸುವುದಿಲ್ಲ. ಅದು ಬಂದದ್ದು ಮೂರು ವಾರ ಹಿಂದೆ ಪ್ರತ್ಯೇಕವಾಗಿ ಇಡದೆ ನೇರವಾಗಿ ಬಿಟ್ಟ ಇನ್ನೊಂದು ಗೋಬಿಯ ಜೊತೆ. ಆದರೆ ಟ್ಯಾಂಗ್‌ಗಳಿಗೆ ಈ ರೋಗ ಬೇಗ ಅಂಟುತ್ತದೆ, ಬಳಲಿದ ಟ್ಯಾಂಗ್‌ಗೆ ಇನ್ನೂ ಬೇಗ. ತಳದಿಂದ ಎದ್ದು ಬರುವ ಮರಿ ಪರೋಪಜೀವಿಗಳಿಗೆ ಚಿಕ್ಕ ತೊಟ್ಟಿಯಲ್ಲಿ ಮೀನು ಹುಡುಕುವುದೇನೂ ಕಷ್ಟವಲ್ಲ.

ಎಲ್ಲ ಮೀನುಗಳನ್ನೂ ದೊಡ್ಡ ಪ್ಲಾಸ್ಟಿಕ್ ಟಬ್ಬುಗಳಿಗೆ ಸಾಗಿಸಿ ತಾಮ್ರದ ಔಷಧಿ ಕೊಡಬೇಕಾಯಿತು. ಸೀಗಡಿಗೆ ತಾಮ್ರ ವಿಷ, ಹಾಗಾಗಿ ಅದು ತೊಟ್ಟಿಯಲ್ಲೇ ಉಳಿಯಿತು. ಟ್ಯಾಂಗ್ ತಾಮ್ರವನ್ನು ಅಷ್ಟು ಸುಲಭವಾಗಿ ತಡೆದುಕೊಳ್ಳುವ ಮೀನಲ್ಲ. ತಂದೆ ನಾಲ್ಕು ದಿನಗಳಲ್ಲಿ ಪ್ರಮಾಣವನ್ನು ಮೆಲ್ಲಗೆ ಏರಿಸಿ, ಪ್ರತಿ ರಾತ್ರಿ ಅಳೆದು, 30 ದಿನ ಕಾದರು. ಮಗಳು ಅಡಗಿಕೊಳ್ಳಲೆಂದು ಪಿವಿಸಿ ಕೊಳವೆಯ ತುಂಡುಗಳನ್ನು ಹಾಕಿದಳು. ಎಲ್ಲವೂ ಬದುಕಿದವು. ಮೀನು ಸಿಗದೆ ಪರೋಪಜೀವಿ ತಾನಾಗಿ ಸಾಯಲೆಂದು ತೊಟ್ಟಿಯನ್ನು 76 ದಿನ ಖಾಲಿ ಬಿಟ್ಟರು. ಹವ್ಯಾಸಿಗಳು ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಅದು.

ರೋಗ ಬಂದದ್ದು ಒಳ್ಳೆಯದಾಯಿತು ಎಂದು ಹೇಳಲಾರೆ. ಆದರೆ ಆ 76 ದಿನಗಳಲ್ಲಿ ಆ ಮನೆಯಲ್ಲಿ ಮೊದಲ ಬಾರಿಗೆ ಅವಸರವಿಲ್ಲದೆ ಮಾತುಕತೆ ನಡೆಯಿತು. ಅದುವರೆಗೆ ಪ್ರತಿ ನಿರ್ಧಾರವೂ ಒಂದಲ್ಲ ಒಂದು ತುರ್ತಿನಲ್ಲಿ ಆಗಿತ್ತು: ಹುಟ್ಟುಹಬ್ಬ, ನೈಟ್ರೇಟ್, ಕರೆಂಟ್.

ಚಪ್ಪಡಿಯ ಪ್ರಶ್ನೆ

ನನ್ನ ಸಲಹೆ ಸರಳವಾಗಿತ್ತು. ನೀಲಿ ಟ್ಯಾಂಗ್‌ಗೆ ಆರಡಿ ಉದ್ದದ ತೊಟ್ಟಿ ಬೇಕೆಂದು ಅನುಭವಿಗಳು ಹೇಳುತ್ತಾರೆ. ಆರಡಿ, ಎರಡಡಿ, ಎರಡಡಿ. ಹೊರ ಅಳತೆಯಲ್ಲಿ 680 ಲೀಟರ್, ಅಮೆರಿಕದವರ ಲೆಕ್ಕದಲ್ಲಿ 180 ಗ್ಯಾಲನ್. ಕೊಂಡುಬಿಡಿ ಎಂದೆ. ತಂದೆ ಗಾಜಿನವರಿಂದ ದರಪಟ್ಟಿಯನ್ನೂ ತರಿಸಿದರು.

"ಇಷ್ಟು ಭಾರವನ್ನು ಹೊರುವುದು ಯಾರು?" ಎಂದು ಕೇಳಿದವರು ತಾಯಿ. ಹೊತ್ತು ತರುವ ಕೂಲಿಯವರ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. ಅವರು ಕೇಳಿದ್ದು ನೆಲದ ಬಗ್ಗೆ.

ಕುಳಿತು ಲೆಕ್ಕ ಹಾಕಿದೆವು. ನೀರು, ಬಂಡೆ ಸೇರಿ 700 ಕಿಲೋ. 12 ಮಿಲಿಮೀಟರ್ ದಪ್ಪದ ಗಾಜು 120 ಕಿಲೋಗಿಂತ ಹೆಚ್ಚು. ಕಬ್ಬಿಣದ ಪೀಠ, ಸಂಪ್, ಅದರ ನೀರು. ಒಟ್ಟು ಒಂದು ಟನ್ ದಾಟಿತು, ಅದೂ ಒಂದು ಚದರ ಮೀಟರಿಗಿಂತ ತುಸು ಹೆಚ್ಚು ಜಾಗದಲ್ಲಿ. ಭಾರತೀಯ ಮಾನಕ ಸಂಸ್ಥೆಯ ಐಎಸ್ 875 ಸಂಹಿತೆಯಲ್ಲಿ ವಾಸದ ಕೋಣೆಗಳಿಗೆ ಹಿಡಿಯುವ ಭಾರ ಚದರ ಮೀಟರಿಗೆ ಎರಡು ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಅದು ಇಡೀ ಕೋಣೆಗೆ ಹಿಡಿಯುವ ಲೆಕ್ಕ. ತೊಲೆಯ ಮೇಲೆ, ಗೋಡೆಗೆ ಒತ್ತಿ ಇಟ್ಟರೆ ಒಂದೆಡೆ ಹೆಚ್ಚು ಭಾರ ತಡೆಯಲೂಬಹುದು. ಆದರೆ ತಡೆಯುತ್ತದೋ ಇಲ್ಲವೋ ಎಂದು ಹೇಳಬೇಕಾದವರು ಮೀನು ಸಾಕುವವರಲ್ಲ. ಇಷ್ಟು ವರ್ಷ ಎಷ್ಟೋ ಜನರಿಗೆ "ಆರಡಿ ತೊಟ್ಟಿ ಕೊಳ್ಳಿ" ಎಂದು ಹೇಳಿದ್ದೇನೆ. ಒಬ್ಬರಿಗೂ ಈ ಪ್ರಶ್ನೆ ಕೇಳಿರಲಿಲ್ಲ.

ಕಟ್ಟಡದ ನಕ್ಷೆ ತೋರಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕೇಳಿದರು. ಆರಡಿ ಹಿಡಿಸುವ ಒಂದೇ ಗೋಡೆ ಬಾಲ್ಕನಿಯ ಕಡೆಯದು. ಅಲ್ಲಿ ಚಪ್ಪಡಿ ತೊಲೆಯಿಂದಾಚೆ ಚಾಚಿಕೊಂಡಿತ್ತು. ಅಲ್ಲಿ ಬೇಡವೇ ಬೇಡ ಎಂದರು. ಕೆಳಗೆ ತೊಲೆಯಿದ್ದ ಗೋಡೆ ಹಜಾರದ್ದು, ಬಾಗಿಲಿಗೂ ಕಂಬಕ್ಕೂ ನಡುವೆ ಐದಡಿಗಿಂತ ಕಡಿಮೆ. ಅಲ್ಲಿ ನಾಲ್ಕಡಿಯದು ಇಡಬಹುದು ಎಂದು ಬರೆದುಕೊಟ್ಟರು.

ಪ್ರಶ್ನೆಯೇ ಮಗ್ಗುಲು ಬದಲಿಸಿತು. ಅದುವರೆಗೆ ನಾವು ಕೇಳುತ್ತಿದ್ದದ್ದು ಈ ಮೀನಿಗೆ ಯಾವ ತೊಟ್ಟಿ ಎಂದು. ಈಗ ಉಳಿದದ್ದು ಈ ಗೋಡೆಗೆ ಯಾವ ಮೀನು ಎಂಬುದು.

ತಂದೆಗೆ ಇದು ಸುಲಭವಾಗಿ ಇಳಿಯಲಿಲ್ಲ. ನಾಲ್ಕಡಿಯಲ್ಲಿ ನೀಲಿ ಟ್ಯಾಂಗ್ ಸಾಕಿದವರ ಉದಾಹರಣೆಗಳನ್ನು ಒಂದೊಂದಾಗಿ ಹೇಳಿದರು. ಇದ್ದಾರೆ, ನನಗೂ ಗೊತ್ತು. ಐದಾರು ವರ್ಷ ಕಳೆದ ಮೇಲೆ ಆ ಮೀನುಗಳನ್ನು ನೋಡಿದವರು ಮಾತ್ರ ಕಡಿಮೆ. ಸಂಬಂಧಿಕರೊಬ್ಬರು ಮುರುಡೇಶ್ವರಕ್ಕೆ ಹೋದಾಗ ಸಮುದ್ರಕ್ಕೆ ಬಿಟ್ಟುಬಿಡಿ ಎಂದರು. ಕೇಳಲು ಪುಣ್ಯದ ಕೆಲಸ. ಎಲ್ಲಿಂದ ಹಿಡಿದು ತಂದದ್ದೆಂದು ಅಂಗಡಿಯವರಿಗೇ ತಿಳಿಯದ, ರೋಗದಿಂದ ಈಗಷ್ಟೇ ಎದ್ದ ಮೀನನ್ನು ಅಲ್ಲಿಯ ನೀರಿಗೆ ಬಿಡುವುದೆಂದರೆ ಅಲ್ಲಿಯ ಮೀನುಗಳಿಗೆ ಅಪಚಾರ.

ಕೊನೆಗೆ ಆದ ಒಪ್ಪಂದ ಹೀಗಿತ್ತು. ನಾಲ್ಕಡಿ, ಎರಡಡಿ, ಎರಡಡಿಯ ತೊಟ್ಟಿ, ಸುಮಾರು 450 ಲೀಟರ್. ನೀಲಿ ಟ್ಯಾಂಗ್ ಅದರಲ್ಲಿ ಆರು ತಿಂಗಳು ಇರಬಹುದು, ಇಲ್ಲವೇ 15 ಸೆಂಟಿಮೀಟರ್ ಆಗುವವರೆಗೆ. ಯಾವುದು ಮೊದಲೋ ಅದು. ಆಮೇಲೆ ಅದು ಹೋಗುವ ಜಾಗವನ್ನು ಈಗಲೇ ಗೊತ್ತು ಮಾಡಬೇಕು. ನನ್ನ ಪರಿಚಯದವರು ಒಂದು ಕಚೇರಿಯ ಮುಂಭಾಗದಲ್ಲಿ ಎಂಟಡಿಯ ತೊಟ್ಟಿ ನೋಡಿಕೊಳ್ಳುತ್ತಿದ್ದರು, ಅವರು ಒಪ್ಪಿದರು. ಒಪ್ಪಂದವನ್ನು ಮಗಳು ದುಂಡಗಿನ ಅಕ್ಷರಗಳಲ್ಲಿ ಬರೆದು ಪೀಠದ ಬಾಗಿಲಿನ ಒಳಬದಿಗೆ ಅಂಟಿಸಿದಳು. ಅಂಗಡಿಯ "ಆಮೇಲೆ"ಗೂ ಈ "ಆಮೇಲೆ"ಗೂ ಇದ್ದ ವ್ಯತ್ಯಾಸ ಆ ಕಾಗದದಲ್ಲಿತ್ತು: ಒಂದು ತಾರೀಕು, ಒಂದು ಅಳತೆ, ಒಂದು ವಿಳಾಸ.

ಒಂದು ತೊಟ್ಟಿ, ಎರಡು ಕತ್ತಿ

ನಾಲ್ಕಡಿಯಲ್ಲಿ ಬಂಡೆಗಳನ್ನು ಗಾಜಿಗೆ ಒರಗಿಸದೆ ನಡುವೆ ಎರಡು ಗುಡ್ಡೆ ಮಾಡಿದೆವು. ಸುತ್ತಲೂ ಸುತ್ತಿ ಬರಲು ದಾರಿ. ಮುಂದಿನ ಗಾಜಿನ ಉದ್ದಕ್ಕೂ ಒಂದು ಮೀಟರಿಗೂ ಹೆಚ್ಚು ತೆರಪು ಸಿಕ್ಕಿತು. ತಿರುವು ನಿಮಿಷಕ್ಕೆ 11ಕ್ಕೆ ಇಳಿಯಿತು. ಟ್ಯಾಂಗ್ ನಡುನಡುವೆ ನಿಂತು ಪಾಚಿ ಕೀಳತೊಡಗಿತು. ನನ್ನ ಪಾಲಿಗೆ ಅದು ಎಣಿಕೆಗಿಂತ ದೊಡ್ಡ ಸೂಚನೆ. ಈ ಎಣಿಕೆ ವಿಜ್ಞಾನವಲ್ಲ. ಒಂದೇ ಮೀನನ್ನು ದಿನದ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ತೊಟ್ಟಿಗಳಲ್ಲಿ ಹೋಲಿಸಲು ನಾನು ಮಾಡಿಕೊಂಡ ಉಪಾಯ.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ, ಐದನೆಯ ತಿಂಗಳಲ್ಲಿ ತಂದೆ ತಾಳ್ಮೆಗೆಟ್ಟರು. ನೀಲಿ ಹೋದ ಮೇಲೆ ತರಬೇಕೆಂದು ನಾವು ಆರಿಸಿದ್ದು ಟೊಮಿನಿ ಟ್ಯಾಂಗ್. ಪೂರ್ತಿ ಬೆಳೆದರೂ 16 ಸೆಂಟಿಮೀಟರ್ ಆಸುಪಾಸಿನಲ್ಲಿ ನಿಲ್ಲುವ, ಹಲ್ಲುಗಳು ಕುಂಚದಂತಿರುವ ಸಣ್ಣ ಜಾತಿ. ನೀಲಿಯಂತೆ ಬಯಲು ನೀರಿನಲ್ಲಿ ಓಡಾಡದೆ ಬಂಡೆಗೆ ಅಂಟಿಕೊಂಡು ಮೇಯುವಂಥದು. ಒಳ್ಳೆಯ ಮೀನೊಂದು ಕಣ್ಣಿಗೆ ಬಿತ್ತೆಂದು ಅವರು ತಂದೇಬಿಟ್ಟರು. ಬೇರೆ ಟಬ್ಬಿನಲ್ಲಿ ತಿಂಗಳು ಇಡುವ ಶಿಸ್ತು ಈ ಸಲ ತಪ್ಪಲಿಲ್ಲ. ಆದರೆ ಆ ತಿಂಗಳು ಮುಗಿದಾಗ ನೀಲಿ ಇನ್ನೂ ತೊಟ್ಟಿಯಲ್ಲೇ ಇತ್ತು.

ಬಿಟ್ಟ ಹತ್ತು ನಿಮಿಷಕ್ಕೆ ಫೋನ್ ಬಂತು. ನಾನು ಹೋಗಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನೀಲಿ ಎದುರಿನಿಂದ ಹೋಗಿ ಕಚ್ಚುತ್ತಿರಲಿಲ್ಲ. ಪಕ್ಕಕ್ಕೆ ಬಂದು, ಸಮಾನಾಂತರವಾಗಿ ನಿಂತು, ಬಾಲವನ್ನು ಮಾತ್ರ ಒಮ್ಮೆ ಆ ಕಡೆಗೆ ಬೀಸುತ್ತಿತ್ತು. ಟೊಮಿನಿಯ ಪಕ್ಕೆಯ ಮೇಲೆ ನೇರವಾದ ಒಂದು ಬಿಳಿ ಗೆರೆ, ಬ್ಲೇಡಿನಿಂದ ಕಾಗದದ ಮೇಲೆ ಎಳೆದಂತೆ. ರಕ್ತವಿರಲಿಲ್ಲ. ಹಿಂದೆಯೇ ಎರಡನೆಯ ಗೆರೆ. ಎಂಟು ತಿಂಗಳ ಕ್ಲೌನ್ ಮೀನುಗಳ ಸಂಸಾರ ನೋಡಿ ಮೀನುಗಳೆಂದರೆ ಸಾಧು ಎಂದುಕೊಂಡಿದ್ದ ತಾಯಿ ಅಲ್ಲಿಂದ ಎದ್ದು ಹೋದರು.

ಜಾಲರಿಯಂಥ ಪ್ಲಾಸ್ಟಿಕ್ ಹಾಳೆ ಇಳಿಸಿ ತೊಟ್ಟಿಯನ್ನು ಎರಡು ಭಾಗ ಮಾಡಿದೆವು. ಜಗಳ ನಿಂತಿತು. ನಾಲ್ಕಡಿಯನ್ನು ಎರಡಾಗಿ ಸೀಳಿದ್ದರಿಂದ ಈಗ ಪ್ರತಿಯೊಂದಕ್ಕೂ ಎರಡಡಿ. ನೀಲಿ ಮೊದಲಿದ್ದ ಮೂರಡಿಗಿಂತ ಕಡಿಮೆ. ತಂದೆ ಜಾಲರಿಯನ್ನೇ ನೋಡುತ್ತ ನಿಂತರು, ನಾನು ಏನೂ ಹೇಳಬೇಕಾಗಲಿಲ್ಲ. ತೊಟ್ಟಿ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಅದರಲ್ಲಿ ಇನ್ನು ಯಾರಿದ್ದಾರೆ ಎಂದು ತಿಳಿಯದೆ ಉತ್ತರವಿಲ್ಲ. ಒಂದೇ ಆಹಾರ ತಿನ್ನುವ ಇನ್ನೊಂದು ಟ್ಯಾಂಗ್ ಬಂತೆಂದರೆ, ಮೊದಲು ಬಂದದ್ದು ಇಡೀ ನೀರನ್ನೂ ತನ್ನದೆನ್ನುತ್ತದೆ. ನೀಲಿ ಟ್ಯಾಂಗ್ ತನ್ನ ಕುಟುಂಬದಲ್ಲಿ ಜಗಳಗಂಟಿಯೇನಲ್ಲ. ಕೆಂಪು ಸಮುದ್ರದ ಸೊಹಾಲ್ ಟ್ಯಾಂಗ್‌ನಂಥವಕ್ಕೆ ಹೋಲಿಸಿದರೆ ಸಾತ್ವಿಕ ಎಂದೇ ಹೇಳಬೇಕು.

ಆರು ತಿಂಗಳು ಕಾಯಲಿಲ್ಲ. ಮೀನು 14 ಸೆಂಟಿಮೀಟರ್ ಆಗಿತ್ತು. ಬಲೆ ಬೀಸಿದರೆ ಬಾಲದ ಮುಳ್ಳು ಎಳೆಗಳಿಗೆ ಸಿಕ್ಕಿ ಅದಕ್ಕೂ ಗಾಯ, ಬಿಡಿಸುವ ಕೈಗೂ ಗಾಯ. ಹಾಗಾಗಿ ಪಾರದರ್ಶಕ ಪೆಟ್ಟಿಗೆಯೊಳಗೆ ನೋರಿ ಕಟ್ಟಿ ಇಳಿಬಿಟ್ಟು, ಬಾಗಿಲ ದಾರ ಹಿಡಿದು ಕಾದೆವು. ಎರಡು ದಿನ ಹತ್ತಿರ ಬರಲಿಲ್ಲ. ಮೂರನೆಯ ಸಂಜೆ ಒಳಹೊಕ್ಕಿತು. ದಾರ ಎಳೆದದ್ದು ಮಗಳು.

ಆದದ್ದು

ಎಂಟಡಿ ತೊಟ್ಟಿಯಲ್ಲಿ ನೀಲಿ ಹನ್ನೊಂದು ದಿನ ಬಂಡೆಯ ಹಿಂದೆ ಅಡಗಿತ್ತು. ದೊಡ್ಡ ಜಾಗ ಸಿಕ್ಕ ಕೂಡಲೇ ಮೀನು ಕುಣಿದಾಡುತ್ತದೆ ಎಂದು ನಿರೀಕ್ಷಿಸಿದ್ದ ತಂದೆ ದಿನಕ್ಕೆರಡು ಸಲ ನನಗೆ ಫೋನ್ ಮಾಡುತ್ತಿದ್ದರು. ಎರಡು ತಿಂಗಳ ಮೇಲೆ ಮೂವರೂ ಹೋಗಿ ನೋಡಿದರು, ನಾನೂ ಇದ್ದೆ. ಪಂಪಿನ ಸೆಳವಿಗೆ ಎದುರಾಗಿ, ನೀರಿನ ನಡುಮಟ್ಟದಲ್ಲಿ ಅದು ನಿಧಾನವಾಗಿ ಈಜುತ್ತಿತ್ತು. ನಿಮಿಷಕ್ಕೆ ನಾಲ್ಕು ತಿರುವು, ಕೆಲವು ನಿಮಿಷಗಳಲ್ಲಿ ಮೂರು. ವರ್ಷದ ಹೊತ್ತಿಗೆ 19 ಸೆಂಟಿಮೀಟರ್ ಆಗಿತ್ತು. ಮುಖದ ಕುಳಿಗಳು ಮಸುಕಾಗಿವೆ, ಮಾಯವಾಗಿಲ್ಲ. ಯಾರಾದರೂ ಬಾಗಿಲು ಜೋರಾಗಿ ಎಳೆದರೆ ಈಗಲೂ ಸಂದಿಗೆ ನುಗ್ಗುತ್ತದೆ.

ಖರ್ಚಿನ ಮಾತು ಬಂದಾಗ ತಂದೆ ನೋಟ್‌ಬುಕ್ ತೆಗೆದು ಕೂಡಿಸಿದರು. ಮೂರಡಿಯ ತೊಟ್ಟಿ, ಅದರ ಪೀಠ, ಸಂಪ್, ಔಷಧಿ, ಮಾರಲಾಗದೆ ಬಾಲ್ಕನಿಯಲ್ಲಿ ಉಳಿದ ಗಾಜು. ಮೊತ್ತವನ್ನು ಇಲ್ಲಿ ಬರೆಯಬೇಡಿ ಎಂದರು, ಬರೆಯುವುದಿಲ್ಲ. ಮೊದಲೇ ನಾಲ್ಕಡಿ ಮಾಡಿಸಿ ಸಣ್ಣ ಟ್ಯಾಂಗ್ ತಂದಿದ್ದರೆ ಅದರಲ್ಲಿ ಬಹುಪಾಲು ಉಳಿಯುತ್ತಿತ್ತು ಎಂಬುದು ಅವರದೇ ಮಾತು.

ಈಗ ಯಾರಾದರೂ ಟ್ಯಾಂಗ್‌ಗೆ ಎಷ್ಟು ಲೀಟರ್ ಬೇಕೆಂದು ಕೇಳಿದರೆ ನಾನು ಮೊದಲು ಗೋಡೆ ತೋರಿಸಿ ಎನ್ನುತ್ತೇನೆ. ಕೆಳಗೆ ತೊಲೆ ಇದೆಯೇ, ಎಷ್ಟು ಅಡಿ ಸಿಗುತ್ತದೆ. ಆಮೇಲೆ ಆ ಉದ್ದದಲ್ಲಿ ಬಂಡೆ ಕಳೆದು ಉಳಿಯುವ ತೆರಪು. ಪೂರ್ತಿ ಬೆಳೆದ ಮೀನಿನ ಆರೇಳು ಮೈಯುದ್ದವಾದರೂ ಆ ತೆರಪಿನಲ್ಲಿ ಹಿಡಿಸಬೇಕು. ಇದು ಯಾವ ಗ್ರಂಥದ ನಿಯಮವೂ ಅಲ್ಲ, ಎಣಿಸುತ್ತ ಕುಳಿತು ನನಗೆ ಬಂದ ಅಂದಾಜು. ನಾಲ್ಕಡಿಗೆ ಟೊಮಿನಿ, ಕೋಲೆ ಟ್ಯಾಂಗ್‌ಗಳಂಥ ಕುಂಚಹಲ್ಲಿನವು ಒಗ್ಗುತ್ತವೆ. ಹಳದಿ ಟ್ಯಾಂಗ್ 20 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಅದಕ್ಕೆ ನಾಲ್ಕಡಿ ಗಡಿರೇಖೆ, ಐದಿದ್ದರೆ ನೆಮ್ಮದಿ. ನೀಲಿಗೆ, ಪೌಡರ್ ಬ್ಲೂ ಟ್ಯಾಂಗ್‌ಗೆ ಆರಕ್ಕಿಂತ ಕಡಿಮೆಯಾದರೆ ನಾನು ಬೇಡ ಎನ್ನುತ್ತೇನೆ. ಕಿತ್ತಳೆ ಮುಳ್ಳಿನ ನಾಸೊ ಟ್ಯಾಂಗ್ 45 ಸೆಂಟಿಮೀಟರಿನವರೆಗೆ ಬೆಳೆಯುವ ಮೀನು, ಅಪಾರ್ಟ್‌ಮೆಂಟಿನ ಮಾತೇ ಅಲ್ಲ. ಲೀಟರ್ ಲೆಕ್ಕ ಬರುವುದು ಇದೆಲ್ಲ ಆದ ಮೇಲೆ. ಅದು ನೀರಿನ ಆರೋಗ್ಯದ ಲೆಕ್ಕ, ಮೀನಿನ ಓಟದ್ದಲ್ಲ. 2016ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ನೀಲಿ ಟ್ಯಾಂಗನ್ನು ಮೊಟ್ಟೆಯಿಂದಲೇ ತೊಟ್ಟಿಯಲ್ಲಿ ಬೆಳೆಸಿ ತೋರಿಸಿದಾಗ ಈ ಮನೆಯ ತಂದೆಯಂತೆ ಹಲವರು, ಇನ್ನು ತೊಟ್ಟಿಯಲ್ಲೇ ಹುಟ್ಟಿದ ಮೀನಿಗೆ ಜಾಗ ಕಡಿಮೆ ಸಾಕಾದೀತು ಎಂದು ಕೇಳಿದ್ದುಂಟು. ತೊಟ್ಟಿಯಲ್ಲಿ ಹುಟ್ಟಿದರೂ ಅದು 30 ಸೆಂಟಿಮೀಟರಿಗೇ ಬೆಳೆಯುವುದು.

ಟೊಮಿನಿಯ ಪಕ್ಕೆಯ ಗೆರೆಗಳು ಮೂರು ವಾರದಲ್ಲಿ ಮಾಸಿದವು. ಮಗಳು ಶನಿವಾರ ತೊಟ್ಟಿಯ ಗಾಜು ಒರೆಸುತ್ತಾಳೆ, ಮೂರು ಬದಿ ಮಾತ್ರ. ಹಿಂದಿನ ಗಾಜನ್ನು ಮೀನಿಗೆ ಬಿಟ್ಟಿದ್ದಾಳೆ. ಅಲ್ಲಿ ಕಟ್ಟುವ ಕಂದು ಪೊರೆಯನ್ನು ಅದು ತುಟಿಯೊತ್ತಿ ಕೆರೆದು ತಿನ್ನುತ್ತದೆ. ಕೆರೆದಲ್ಲೆಲ್ಲ ಕಿರುಬೆರಳ ಉಗುರಿನಷ್ಟು ಗಾತ್ರದ ಗುರುತುಗಳು. ನಾನು ಕಳೆದ ಸಲ ಹೋದಾಗ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಆ ಗುರುತುಗಳಿದ್ದವು. ಅವಳು ಅವನ್ನು ಎಣಿಸುತ್ತ ಕುಳಿತಿದ್ದಳು.